ಅರ್ಧ ಈರುಳ್ಳಿಯ ಜಾರ್

ಒಂದೇ ರಟ್ಟಿನ ಪೆಟ್ಟಿಗೆಯಲ್ಲಿ ನಾವು ಮೂವರು ಅಣ್ಣತಮ್ಮಂದಿರು ಮಲಗಿದ್ದೆವು. ದೊಡ್ಡವನು ಹಿಟ್ಟು ರುಬ್ಬುವವನು, ನಡುವಿನವನು ಮಸಾಲೆ ಅರೆಯುವವನು. ಎಲ್ಲರಿಗಿಂತ ಕುಳ್ಳ, ಎಲ್ಲರಿಗಿಂತ ಹೆಚ್ಚು ದುಡಿಯುವವ, ಎಲ್ಲರಿಗಿಂತ ಹೆಚ್ಚು ಬೈಸಿಕೊಳ್ಳುವವ ನಾನು. ಮಿಕ್ಸಿಯ ಚಟ್ನಿ ಜಾರ್.

ಹುಟ್ಟಿದ್ದು ಘಟ್ಟದಾಚೆಯ ಒಂದು ಕಾರ್ಖಾನೆಯಲ್ಲಿ. ಸ್ಟೀಲ್ ತಗಡನ್ನು ಒತ್ತಿ ಹೊಟ್ಟೆ ಮಾಡಿದರು, ಹಿಡಿಯಲು ಕಪ್ಪು ಕೈ ಕೊಟ್ಟರು, ತಳದಲ್ಲಿ ನಾಲ್ಕು ಹಲ್ಲಿನ ಬ್ಲೇಡ್ ಕೂರಿಸಿದರು. ಒಬ್ಬ ಹೆಂಗಸು ಅದನ್ನು ಬೆರಳಿನಿಂದ ಒಮ್ಮೆ ತಿರುಗಿಸಿ ನೋಡಿ ತಲೆಯಾಡಿಸಿದಳು. ತಕರಾರಿಲ್ಲದೆ ಯಾರಾದರೂ ನನ್ನನ್ನು ಒಪ್ಪಿಕೊಂಡದ್ದು ಅದೇ ಮೊದಲು, ಬಹಳ ವರ್ಷಗಳ ಮಟ್ಟಿಗೆ ಅದೇ ಕೊನೆ. ನನ್ನ ಮುಚ್ಚಳದ ನಡುವೆ ಒಂದು ಸಣ್ಣ ತೂತು, ಅದಕ್ಕೊಂದು ಬಿರಡೆ ಇತ್ತು. ಅದು ಯಾಕೆಂದು ಯಾರೂ ಹೇಳಲಿಲ್ಲ. ದೃಷ್ಟಿಬೊಟ್ಟಿನ ಹಾಗೆ ಸುಮ್ಮನೆ ಇಟ್ಟಿರಬೇಕು ಎಂದುಕೊಂಡೆ.

ನಮ್ಮನ್ನು ಕೊಂಡವರು ಕುಮಟೆಯ ವತ್ಸಲಾ ಟೀಚರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಅಡುಗೆಮನೆಯನ್ನೂ ಪ್ರಯೋಗಶಾಲೆಯ ಹಾಗೆಯೇ ನಡೆಸುತ್ತಿದ್ದರು. ನನ್ನಲ್ಲಿ ತೆಂಗಿನಕಾಯಿ ಹಾಕಿದರೆ ಚಮಚ ಎಣಿಸಿ ನೀರು ಹಾಕುತ್ತಿದ್ದರು, ರುಬ್ಬಿದರೆ ಗಡಿಯಾರ ನೋಡಿ ನಿಲ್ಲಿಸುತ್ತಿದ್ದರು. ಹೀಗಿರುವಾಗ ರಕ್ತದೊತ್ತಡ ಏರಿತು. ಡಾಕ್ಟರು ಊಟಕ್ಕೆ ಮೊದಲು ಒಂದು ಬಟ್ಟಲು ಹಸಿ ತರಕಾರಿ ತಿನ್ನಲೇಬೇಕೆಂದರು.

"ನಾನೇನು ಎಮ್ಮೆಯಾ?" ಎಂದು ಟೀಚರು ಮನೆಗೆ ಬಂದು ಸೌತೆಕಾಯಿಯನ್ನು ಕೇಳಿದರು. 

ಮೂರು ದಿನ ಸೌತೆ, ಗಜ್ಜರಿ, ಎಲೆಕೋಸನ್ನು ಮಾತ್ರೆಯ ಹಾಗೆ ನುಂಗಿದರು. ನಾಲ್ಕನೆಯ ದಿನ ಯಾವುದೋ ವಾರಪತ್ರಿಕೆಯಲ್ಲಿ ಸಿಹಿ ಈರುಳ್ಳಿಯ ಸಲಾಡ್ ಡ್ರೆಸ್ಸಿಂಗ್ ಎಂಬುದು ಕಣ್ಣಿಗೆ ಬಿತ್ತು. ಹಸಿ ತರಕಾರಿಯ ಮೇಲೆ ಹೊಯ್ದುಕೊಂಡರೆ ತರಕಾರಿ ತಾನಾಗಿ ಗಂಟಲಲ್ಲಿ ಇಳಿಯುತ್ತದೆ ಎಂದು ಬರೆದಿತ್ತು. ಸಿಹಿ ಈರುಳ್ಳಿಗೆ ಕುಮಟೆಯವರು ಬೇರೆ ಊರಿಗೆ ಹೋಗಬೇಕೇ? ಬೇಸಿಗೆ ಬಂತೆಂದರೆ ಹೆದ್ದಾರಿಯ ಎರಡೂ ಬದಿಗೆ ಸೋಗೆ ಚಪ್ಪರ ಹಾಕಿ, ಈರುಳ್ಳಿಯನ್ನು ಒಣಗಿದ ದಂಟಿನ ಸಮೇತ ಜಡೆ ಹೆಣೆದು ತೂಗುಹಾಕಿರುತ್ತಾರೆ. ಹಸಿಯಾಗಿಯೇ ಹಣ್ಣಿನ ಹಾಗೆ ತಿನ್ನಬಹುದಾದ ಈರುಳ್ಳಿ ಅದು. ಟೀಚರಿಗೆ ಅದನ್ನು ಮನೆಬಾಗಿಲಿಗೆ ತಂದುಕೊಡುತ್ತಿದ್ದವಳು ಮಾದೇವಿ, ಹೆದ್ದಾರಿ ಬದಿಯ ಊರಿನ ರೈತರ ಮನೆಯ ಸೊಸೆ.

ಅಂದು ನನ್ನ ಹೊಟ್ಟೆಗೆ ಹೆಚ್ಚಿದ ಸಿಹಿ ಈರುಳ್ಳಿ ಬಿತ್ತು, ಸಾಸಿವೆ ಬಿತ್ತು, ಸಕ್ಕರೆ, ಉಪ್ಪು, ವಿನೆಗರ್ ಬಿದ್ದವು. ಮಿಕ್ಸಿ ತಿರುಗುತ್ತಿದ್ದಂತೆ ಟೀಚರು ಮುಚ್ಚಳದ ಬಿರಡೆ ತೆಗೆದು ಆ ಸಣ್ಣ ತೂತಿನಿಂದ ಶೇಂಗಾ ಎಣ್ಣೆಯನ್ನು ನೂಲಿನಷ್ಟು ಸಪೂರವಾಗಿ ಬಿಟ್ಟರು. ಎಣ್ಣೆ ಮೇಲೆ ತೇಲಲಿಲ್ಲ. ಈರುಳ್ಳಿಯ ರಸ, ಹುಳಿ, ಎಣ್ಣೆ ಮೂರೂ ಜಗಳ ಮರೆತು ಮಜ್ಜಿಗೆಯ ಹಾಗೆ ಒಂದಾದವು. ಆ ತೂತು ಯಾಕೆಂದು ನನಗೆ ಅಂದು ಗೊತ್ತಾಯಿತು. ಇಷ್ಟು ವರ್ಷ ತಲೆಯ ಮೇಲೆ ವಿದ್ಯೆ ಇಟ್ಟುಕೊಂಡು ಬರೀ ಕಾಯಿ ಚಟ್ನಿ ರುಬ್ಬಿದೆನಲ್ಲ ಎಂದು ನಾಚಿಕೆಯಾಯಿತು.

ಟೀಚರು ಎರಡು ಬಟ್ಟಲು ಸೌತೆಕಾಯಿ ತಿಂದರು. ಮೂರನೆಯದಕ್ಕೆ ಕೈ ಹಾಕಿ, ಡಾಕ್ಟರು ಒಂದೇ ಬಟ್ಟಲು ಹೇಳಿದ್ದೆಂದು ನೆನಪಾಗಿ ಬಿಟ್ಟರು. ಅಂದೇ ಹಳೆಯ ಪ್ರಶ್ನೆಪತ್ರಿಕೆಯೊಂದರ ಹಿಂದೆ ಅದನ್ನು ಬರೆದಿಟ್ಟರು. ಬೇಕಾಗುವ ಸಾಮಗ್ರಿ, ವಿಧಾನ, ವೀಕ್ಷಣೆ, ತೀರ್ಮಾನ. ಕೊನೆಯಲ್ಲಿ ಒಂದು ಸಾಲು: "ಸೂಚನೆ: ಕೋಳಿ, ಮೀನು ಇತ್ಯಾದಿಗಳನ್ನು ಬೇಯಿಸುವ ಮುನ್ನ ಇದರಲ್ಲೇ ನೆನೆಸಿಟ್ಟರೆ ಮೃದುವಾಗುತ್ತವೆ ಎನ್ನುತ್ತಾರೆ. ನಾನು ಸಸ್ಯಾಹಾರಿಯಾದ್ದರಿಂದ ಪರೀಕ್ಷಿಸಿಲ್ಲ."

ಅತಿಯಾದರೆ ಅಮೃತವೂ ವಿಷ. ವಾರಕ್ಕೆ ಮೂರು ಸಲ ರುಬ್ಬಿ ರುಬ್ಬಿ ಮಿಕ್ಸಿಯ ಮೋಟರು ಹೊಗೆ ಬಿಟ್ಟು ಕೂತುಬಿಟ್ಟಿತು. ಹೊಸ ಮಿಕ್ಸಿ ಬಂತು, ತನ್ನದೇ ಮೂರು ಜಾರ್ ಕರೆದುಕೊಂಡು ಬಂತು. ನನ್ನ ಅಣ್ಣಂದಿರಿಬ್ಬರೂ ಗುಜರಿಯವನ ಚೀಲ ಸೇರಿದರು. ನಾನೂ ಸೇರಬೇಕಿತ್ತು. ಅಷ್ಟರಲ್ಲಿ ಮಾದೇವಿ ಈರುಳ್ಳಿ ತಂದಳು.

"ನಿಮ್ಮನೇಲಿರೋದೂ ಇದೇ ಮಿಕ್ಸಿ ಅಲ್ವಾ ಮಾದೇವಿ?" ಟೀಚರು ಕೇಳಿದರು.

"ಹೌದ್ರಾ ಟೀಚರೆ. ಅದರ ಸಣ್ಣ ಜಾರು ಒಡೆದು ಹೋಗಿ ವರ್ಷ ಆಯ್ತು."

ಹಾಗೆ ನಾನು ಚೀಲದ ಬದಲು ಬುಟ್ಟಿ ಸೇರಿದೆ. ನನ್ನ ಹೊಟ್ಟೆಯೊಳಗೆ ಆ ಪ್ರಶ್ನೆಪತ್ರಿಕೆಯನ್ನೂ ಮಡಚಿ ಹಾಕಿದರು. ಒಂದು ಕರಾರು ಮಾತ್ರ ಇತ್ತು: ಟೀಚರಿಗೆ ಇನ್ನು ವಾರಕ್ಕೆ ಮೂರು ಸಲ ಈರುಳ್ಳಿ ಹೆಚ್ಚಲು ಆಗದು, ವಾರಕ್ಕೊಂದು ಬಾಟಲಿ ಮಾದೇವಿಯೇ ಮಾಡಿ ತಂದುಕೊಡಬೇಕು.

ಮಾದೇವಿಯ ಮನೆಯಲ್ಲಿ ಮೂವರಿದ್ದರು, ಬೆಕ್ಕು ಸೇರಿ ನಾಲ್ವರು. ಅವಳ ಗಂಡ ಈಶ್ವರ ಒಳ್ಳೆಯವನು. ಆದರೆ ಅಡುಗೆಮನೆಗೆ ಬಂದರೆ ಉಪ್ಪು ಯಾವುದು ಸಕ್ಕರೆ ಯಾವುದು ಎಂದು ನೆಕ್ಕಿಯೇ ತಿಳಿಯಬೇಕು. ಇನ್ನೊಬ್ಬರು ಮಾವ ಹೊನ್ನಪ್ಪಜ್ಜ. ಅವರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನನ್ನಂಥ ಬ್ಲೇಡಿನವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಹೊನ್ನಪ್ಪಜ್ಜ ಐವತ್ತು ವರ್ಷ ಸಿಹಿ ಈರುಳ್ಳಿ ಬೆಳೆದವರು. ಅವರಿಗೆ ಎರಡು ಕಟ್ಟುಪಾಡು. ಒಂದು, ಸಿಹಿ ಈರುಳ್ಳಿಗೆ ಕಬ್ಬಿಣ ತಾಗಬಾರದು, ತಾಗಿದರೆ ಸಿಹಿ ಹೋಗುತ್ತದೆ. ಚೂರಿ, ಕತ್ತಿ ಯಾವುದೂ ಕೂಡದು, ಮಣೆಯ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಒಡೆಯಬೇಕು. ಎರಡು, ತಾನು ತಿನ್ನದ ಈರುಳ್ಳಿಯನ್ನು ಯಾರಿಗೂ ಮಾರಬಾರದು. ಹೆದ್ದಾರಿಯಲ್ಲಿ ಕಾರು ನಿಂತರೆ ಅಜ್ಜ ಜಡೆಯಿಂದ ಒಂದು ಈರುಳ್ಳಿ ಕಿತ್ತು, ಗುದ್ದಿ, ಅರ್ಧ ಗಿರಾಕಿಯ ಕೈಗೆ ಕೊಟ್ಟು, ಉಳಿದರ್ಧ ಅವರ ಎದುರಿಗೇ ಕಟಕಟ ಕಡಿದು ತಿನ್ನುತ್ತಿದ್ದರು. "ನೀವು ತಿಂದದ್ದೇ ನಾನೂ ತಿಂದೆ" ಎಂಬುದೇ ಅವರ ಗ್ಯಾರಂಟಿ ಕಾರ್ಡು. ಬೇಸಿಗೆಯಲ್ಲಿ ದಿನಕ್ಕೆ ಹದಿನೈದು ಇಪ್ಪತ್ತು ಅರ್ಧ ಈರುಳ್ಳಿ ತಿಂದು, ಸಂಜೆ ಅವರು ಮನೆಗೆ ಬರುವ ಮೊದಲೇ ವಾಸನೆ ಬರುತ್ತಿತ್ತು. ಇದೆಲ್ಲ ನಾನು ಕಂಡದ್ದಲ್ಲ, ಅಡುಗೆಮನೆಯ ಮಣೆ ಹೇಳಿದ್ದು.

ನಾನು ಬಂದ ಹೊತ್ತಿಗೆ ಅಜ್ಜ ಚಪ್ಪರಕ್ಕೆ ಹೋಗುವುದನ್ನೇ ಬಿಟ್ಟಿದ್ದರು. ಹಿಂದಿನ ಮಳೆಗಾಲದಲ್ಲಿ ಅವರ ಕೊನೆಯ ನಾಲ್ಕು ಹಲ್ಲು ಒಂದರ ಹಿಂದೆ ಒಂದು ಉದುರಿದ್ದವು. "ಹಲ್ಲು ಹೋದ್ರೆ ಎಂತ ಆಯ್ತು, ನನ್ನ ಒಸಡು ಕಲ್ಲು" ಎಂದು ಹೇಳಿಕೊಂಡು ತಿರುಗಿದರು. ಆದರೆ ಸುಗ್ಗಿ ಬಂದು, ಮೊದಲ ಜಡೆ ತೂಗುಹಾಕಿದ ದಿನ, "ನಂಗೆ ಮಂಡಿ ನೋವು, ನೀನೇ ಕೂತ್ಕೋ" ಎಂದು ಮಗನನ್ನು ಕಳಿಸಿದರು. ಅಂಗಳದಲ್ಲಿ ಮಾತ್ರ ಆ ಮಂಡಿ ಚೆನ್ನಾಗಿಯೇ ಓಡಾಡುತ್ತಿತ್ತು.

"ಹಲ್ಲಿನ ಸೆಟ್ಟು ಮಾಡಿಸ್ವಾ ಅಪ್ಪಾ," ಎಂದ ಈಶ್ವರ.

"ಸಾಕ್ಷಿ ಹೇಳೂದು ನಾನು, ಹಲ್ಲು ಇನ್ಯಾರದೋ? ಅದು ಸುಳ್ಳು ಸಾಕ್ಷಿ ಆಗ್ತದೆ. ಬ್ಯಾಡ."

ಹಲ್ಲಿನ ಸೆಟ್ಟಿನ ಮಾತು ಅಲ್ಲಿಗೆ ಮುಗಿಯಿತು.

ನನ್ನ ಜಾಗ ಕಪಾಟಿನ ಕೆಳಗಿನ ಹಲಗೆಯ ಮೇಲಿತ್ತು. ಅಲ್ಲಿಂದ ಮನುಷ್ಯರ ಮುಖ ಕಾಣುವುದು ಅವರು ಊಟಕ್ಕೆ ಕೂತಾಗ ಮಾತ್ರ. ಹಾಗಾಗಿ ಬೇರೆ ಯಾರೂ ಕಾಣದ್ದನ್ನು ನಾನು ಕಂಡೆ. ಅಜ್ಜ ಗಂಜಿ, ಸಾರು ಉಣ್ಣುತ್ತಿದ್ದರು. ಕೋಳಿಯ ತುಂಡು, ಗಟ್ಟಿ ಪಲ್ಯ, ಈರುಳ್ಳಿ ಬಂದರೆ ಬಾಯಿಗೆ ಹಾಕಿ, ದವಡೆ ಆಡಿಸಿದ ಹಾಗೆ ಮಾಡಿ, ಟವೆಲಿನಿಂದ ಬಾಯಿ ಒರೆಸುವ ನೆಪದಲ್ಲಿ ಹಿಂದೆ ಕೂತ ಬೆಕ್ಕಿಗೆ ದಾಟಿಸುತ್ತಿದ್ದರು. ಎರಡು ತಿಂಗಳಲ್ಲಿ ಅಜ್ಜನ ಪಕ್ಕೆ ಎಣಿಸುವಂತಾಯಿತು. ಬೆಕ್ಕು ಮಾತ್ರ ಹೊಸ್ತಿಲು ದಾಟಲು ಎರಡು ಸಲ ಯೋಚಿಸುವಷ್ಟು ದಪ್ಪವಾಯಿತು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎನ್ನುತ್ತಾರಲ್ಲ, ಗದ್ದೆ ತುಂಬ ಈರುಳ್ಳಿ ಇಟ್ಟುಕೊಂಡು ಅಜ್ಜ ಹಾಗೆ ಕೂತಿದ್ದರು. ನೋಡಿ ನನಗೆ ತುಂಬ ಸಂಕಟವಾಗುತ್ತಿತ್ತು. ನನ್ನ ಬಳಿ ನಾಲ್ಕು ಹಲ್ಲಿದ್ದವು, ಕೊಡುವುದು ಹೇಗೆಂದು ಗೊತ್ತಿರಲಿಲ್ಲ.

ಮಾದೇವಿಗೆ ಬೇರೆಯೇ ಪೇಚು. ಟೀಚರಿಗೆ ಮಾತು ಕೊಟ್ಟಾಗಿದೆ. ಜಡೆ ಹೆಣೆಯುವಾಗ ದಂಟು ಮುರಿದು ಉಳಿದ ಈರುಳ್ಳಿಯೂ ಮನೆ ತುಂಬ ಇದೆ, ದಂಟಿಲ್ಲದಿದ್ದರೆ ಜಡೆಗೆ ಸೇರದು, ಹೆಚ್ಚು ದಿನ ಉಳಿಯದು. ಆದರೆ ಸಿಹಿ ಈರುಳ್ಳಿಯನ್ನು ಮಿಕ್ಸಿಗೆ ಹಾಕಿದ್ದು ಮಾವನಿಗೆ ಗೊತ್ತಾದರೆ ಮನೆಯಲ್ಲಿ ರಾಮಾಯಣ. ಅದಕ್ಕೆ ಅವಳೊಂದು ಉಪಾಯ ಕಂಡುಕೊಂಡಳು. ಮನೆಯ ಹಿಂದೆ ರೈಲು ಹಳಿ ಇತ್ತು. ಎಲ್ಲ ಸಿದ್ಧ ಮಾಡಿಟ್ಟು, ಸ್ವಿಚ್ಚಿನ ಮೇಲೆ ಬೆರಳಿಟ್ಟು ಕಾಯುವುದು, ರೈಲು ಬಂದ ಕೂಡಲೇ ರುಬ್ಬುವುದು. ಪ್ಯಾಸೆಂಜರ್ ಗಾಡಿಗೆ ಈರುಳ್ಳಿ ಅರ್ಧ ನುಣ್ಣಗಾಗುತ್ತಿತ್ತು, ಉದ್ದದ ಗೂಡ್ಸ್ ಗಾಡಿ ಸಿಕ್ಕಿದರೆ ಎಣ್ಣೆ ಬಿಡುವವರೆಗೂ ಪುರುಸೊತ್ತು. ಕೊನೆಯ ಬೋಗಿ ಹೋದ ಮೇಲೂ ನಾನು ಗರ್ರ್ ಎಂದು ಸಿಕ್ಕಿಬಿದ್ದದ್ದುಂಟು.

"ಇನ್ನೂ ಹೋಗ್ಲಿಲ್ವಾ ರೈಲು?" ಜಗಲಿಯಿಂದ ಅಜ್ಜನ ದನಿ ಬಂತು.

"ಹಿಂದೆ ಇನ್ನೊಂದು ಬಂತು ಮಾವ!"

ಟೀಚರ ವಿಧಾನವನ್ನು ಅವಳು ತನ್ನ ಮನೆಗೆ ತಕ್ಕಂತೆ ತಿದ್ದಿದ್ದಳು. ವಿನೆಗರಿನ ಬದಲು ಮುರುಗಲ, ಅಂದರೆ ಕೋಕಮ್ ಸಿಪ್ಪೆ ನೆನೆಸಿದ ಕೆಂಪು ಹುಳಿನೀರು, ಸಕ್ಕರೆಯ ಬದಲು ಬೆಲ್ಲ. ಬಣ್ಣ ಬಿಳಿಯಿದ್ದದ್ದು ಕೆಂಪಾಯಿತು. ಕತೆಯೆಲ್ಲ ಕೆಟ್ಟದ್ದೂ, ಸರಿಹೋದದ್ದೂ ಆ ಬಣ್ಣದಿಂದಲೇ.

ಒಂದು ಭಾನುವಾರ ಬಂತು. ಹೆದ್ದಾರಿಯಲ್ಲಿ ಕಾರುಗಳ ಸಾಲು, ಚಪ್ಪರದಲ್ಲಿ ಚುರುಕಿನವರು ಬೇಕು, ಹಾಗಾಗಿ ಮಾದೇವಿಯೇ ಹೊರಟಳು. ಮನೆಯ ಹಳೆಯ ಹುಂಜವನ್ನು ಅಂದು ಕೊಯ್ದಿದ್ದರು. ಆರು ವರ್ಷ ಕೂಗಿ ಊರನ್ನು ಎಬ್ಬಿಸಿದ ಹುಂಜ, ಅದರ ಮಾಂಸ ಚಪ್ಪಲಿಯ ಅಟ್ಟೆ.

"ಮಸಾಲೆ ರುಬ್ಬಿ ಫ್ರಿಜ್ಜಲ್ಲಿ ಇಟ್ಟಿದ್ದೆ, ಜಾರಲ್ಲೇ ಅದೆ. ತುಂಡಿಗೆ ಸವರಿ ಇಡಿ, ನಾ ಬಂದು ಬೇಯಿಸ್ತೆ," ಎಂದು ಗಂಡನಿಗೆ ಹೇಳಿ ಹೋದಳು.

ಫ್ರಿಜ್ಜಿನಲ್ಲಿ ಎರಡು ಜಾರ್ ಇದ್ದವು. ಮಸಾಲೆಯಿದ್ದದ್ದು ಹಿಂದಿನ ದೊಡ್ಡ ಜಾರಿನಲ್ಲಿ. ಟೀಚರ ಕೆಂಪು ಡ್ರೆಸ್ಸಿಂಗ್ ತುಂಬಿಕೊಂಡು ಮುಂದೆ ನಿಂತವನು ನಾನು. ಈಶ್ವರ ಬಾಗಿಲು ತೆರೆದ, ಕೆಂಪು ಕಂಡ, ಎತ್ತಿದ, ಹುಂಜದ ಮೇಲೆ ಸುರಿದ. ಕೈ ಹಾಕಿ ಕಲಸಿದ ಮೇಲೆ ಅಭ್ಯಾಸದಂತೆ ಬೆರಳು ನೆಕ್ಕಿದ. ಸಿಹಿ! ಅವನ ಮುಖ ಇಳಿದುಹೋಯಿತು. ತೊಳೆಯಲೋ ಬಿಡಲೋ ಎಂದು ಒಂದು ಗಳಿಗೆ ಪಾತ್ರೆಯನ್ನೂ ಬಾಗಿಲನ್ನೂ ನೋಡಿ, ಮುಚ್ಚಿಟ್ಟು ಗದ್ದೆಗೆ ನೀರು ಬಿಡಲು ಓಡಿಹೋದ. ತಪ್ಪು ಮಾಡಿದ ಗಂಡಸರಿಗೆಲ್ಲ ಆ ಹೊತ್ತಿಗೆ ಗದ್ದೆಯಲ್ಲಿ ಕೆಲಸವಿರುತ್ತದೆ.

ಮಾದೇವಿ ಬಂದು ಮುಚ್ಚಳ ತೆಗೆದು ಹಣೆ ಚಚ್ಚಿಕೊಂಡಳು. ಟೀಚರ ಬಾಟಲಿಯೂ ಹೋಯಿತು, ಭಾನುವಾರದ ಸಾರೂ ಹೋಯಿತು. ಇನ್ನೇನು ಮಾಡುವುದೆಂದು ಅದರ ಮೇಲೆಯೇ ನಿಜವಾದ ಮಸಾಲೆ ಹಾಕಿ ಒಲೆಗೇರಿಸಿದಳು. ಹುಂಜ ಬೇಯಲು ಸಂಜೆಯಾಗುತ್ತದೆಂದು ಜಡೆ ಹೆಣೆಯಲು ಕೂತರೆ, ಒಂದು ಜಡೆ ಮುಗಿಯುವುದರೊಳಗೆ ಮಾಂಸ ಎಲುಬು ಬಿಟ್ಟು ನಿಂತಿತ್ತು.

ಮಧ್ಯಾಹ್ನ ಬಡಿಸಿದಳು. ಅಜ್ಜ ಎಂದಿನಂತೆ ಒಂದು ತುಂಡು ಬಾಯಿಗೆ ಹಾಕಿಕೊಂಡರು, ಎಂದಿನಂತೆ ದವಡೆ ಆಡಿಸಿದ ಹಾಗೆ ಮಾಡಿದರು. ಹಿಂದೆ ಬೆಕ್ಕು ಎಂದಿನಂತೆ ಬಾಯಿ ತೆರೆಯಿತು. ಅಜ್ಜನ ಕೈ ಟವೆಲಿನ ಕಡೆ ಅರ್ಧ ಹೋಗಿ ನಿಂತಿತು. ಕಣ್ಣು ಅಗಲವಾಯಿತು. ಗಂಟಲು ಏರಿ ಇಳಿಯಿತು. ಇನ್ನೊಂದು ತುಂಡು ತೆಗೆದುಕೊಂಡರು, ಮತ್ತೊಂದು. ಬೆಕ್ಕು ಮುಂದೆ ಬಂದು ಅವರ ಮುಖವನ್ನೇ ನೋಡಿತು, ಅಷ್ಟು ದೊಡ್ಡ ಮೋಸವನ್ನು ಅದು ಜನ್ಮದಲ್ಲಿ ಕಂಡಿರಲಿಲ್ಲ.

"ಇನ್ನೆರಡು ತುಂಡು ಹಾಕು," ಎಂದರು ಅಜ್ಜ.

ಮಾದೇವಿ, ಈಶ್ವರ ಮುಖ ಮುಖ ನೋಡಿಕೊಂಡರು. ಕಳೆದ ಮಳೆಗಾಲದಿಂದ ಆ ಬಾಯಲ್ಲಿ ಈ ಮಾತು ಬಂದಿರಲಿಲ್ಲ.

"ಹುಂಜಕ್ಕೆ ಎಂತ ಹಾಕ್ದಿ ಮಾದೇವಿ?"

ಅವಳು ಸೌಟು ಕೆಳಗಿಟ್ಟಳು. ಈಶ್ವರ ತಟ್ಟೆಯಲ್ಲೇ ಗದ್ದೆ ಹುಡುಕುತ್ತಿದ್ದ. ಕೊನೆಗೆ ಅವಳೇ ಎಲ್ಲ ಹೇಳಿದಳು: ಟೀಚರು, ಪ್ರಶ್ನೆಪತ್ರಿಕೆ, ದಂಟು ಮುರಿದ ನೀರುಳ್ಳಿ, ರೈಲು.

"ಸಿಹಿ ನೀರುಳ್ಳಿಯನ್ನ ಮಿಕ್ಸಿಗೆ ಹಾಕ್ದಿ?"

"ಹಾಕ್ದೆ ಮಾವ."

"ಎಷ್ಟು ಸಲ?"

"ಎಂಟು ರೈಲಿಗೆ."

ಅಜ್ಜ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ಆ ಜಾರು ತಾ," ಎಂದರು.

ನನ್ನ ಕತೆ ಮುಗಿಯಿತೆಂದುಕೊಂಡೆ. ಮನೆಯ ಬಾವಿ ಎಷ್ಟು ಆಳವಿದೆಯೆಂದು ನನಗೆ ಗೊತ್ತಿತ್ತು. ಅಜ್ಜ ನನ್ನನ್ನು ಎರಡೂ ಕೈಯಲ್ಲಿ ಹಿಡಿದು, ಒಳಗೆ ಇಣುಕಿ, ಬದಿಗೆ ಅಂಟಿಕೊಂಡಿದ್ದ ಕೆಂಪನ್ನು ಬೆರಳಿನಿಂದ ಬಳಿದು ನಾಲಗೆಗಿಟ್ಟುಕೊಂಡರು. ಕಣ್ಣು ಮುಚ್ಚಿದರು.

"ಇದು ಯಾವ ಗದ್ದೆದು?"

"ಬಾವಿ ಬದಿ ಗದ್ದೆದು, ಮಾವ."

"ಅಲ್ಲ. ಇದು ಹಳಿ ಬದಿ ಗದ್ದೆದು. ಬಾವಿ ಬದಿದಕ್ಕೆ ಇಷ್ಟು ಸಿಹಿ ಇಲ್ಲ."

ಮಾದೇವಿ ನೆನಪಿಸಿಕೊಂಡಳು. ಹೌದು, ಆ ವಾರದ ಬುಟ್ಟಿ ಹಳಿ ಬದಿಯ ಗದ್ದೆಯದೇ.

"ಕಬ್ಬಿಣ ತಾಗಿಯೂ ಸಿಹಿ ಹೋಗ್ಲಿಲ್ಲ," ಅಜ್ಜ ತಮ್ಮಷ್ಟಕ್ಕೆ ಎಂದರು. ಐವತ್ತು ವರ್ಷದ ಮಾತನ್ನು ನುಂಗುವುದು ಹುಂಜ ನುಂಗಿದಷ್ಟು ಸುಲಭವಲ್ಲ. ನನ್ನನ್ನು ಮಡಿಲಲ್ಲಿಟ್ಟುಕೊಂಡು, "ನಂಗೆ ಅಗಿಯೂಕೆ ಬರೂದಿಲ್ಲ ಮಾದೇವಿ. ಒಸಡು ಕಲ್ಲು ಅಂದದ್ದು ಸುಳ್ಳು," ಎಂದರು.

"ಬೆಕ್ಕನ್ನ ನೋಡಿಯೇ ಗೊತ್ತಿತ್ತು ಮಾವ," ಎಂದಳು ಅವಳು. "ನೀವೇ ಹೇಳ್ಲಿ ಅಂತ ಕಾದೆ."

ಅಜ್ಜ ನಕ್ಕುಬಿಟ್ಟರು. ಬಾಯಿಗೆ ಟವೆಲು ಅಡ್ಡ ಹಿಡಿಯದೆ ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ನನಗೆ ಖುಷಿಯಿಂದ ಬ್ಲೇಡ್ ತಿರುಗಿದಂತಾಯಿತು.

ಮರುದಿನ ಮಂಡಿ ನೋವು ವಾಸಿಯಾಯಿತು. ಅಜ್ಜ ಮಣೆಯನ್ನು ಒಂದು ಕಂಕುಳಲ್ಲಿ, ನನ್ನನ್ನು ಇನ್ನೊಂದು ಕಂಕುಳಲ್ಲಿ ಇಟ್ಟುಕೊಂಡು ಚಪ್ಪರಕ್ಕೆ ನಡೆದರು. ಒಂದು ಕಾರು ನಿಂತಿತು. ಗಂಡಹೆಂಡತಿ ಇಳಿದರು. ಅಜ್ಜ ಜಡೆಯಿಂದ ಈರುಳ್ಳಿ ಕಿತ್ತು, ಮಣೆಯ ಮೇಲಿಟ್ಟು ಗುದ್ದಿದರು. ಅರ್ಧ ಅವರ ಕೈಗೆ ಕೊಟ್ಟರು. ಉಳಿದರ್ಧ ಕೈಯಲ್ಲೇ ಇತ್ತು. ಅಜ್ಜ ಅದನ್ನು ತಿರುಗಿಸಿ ನೋಡಿದರು. ಆಮೇಲೆ ದೊಡ್ಡದಾಗಿ ಬಾಯಿ ತೆರೆದು ತೋರಿಸಿದರು.

"ನೋಡಿ, ಒಂದೂ ಹಲ್ಲಿಲ್ಲ. ಆದ್ರೆ ನಾ ತಿನ್ನದೆ ಮಾರೂದಿಲ್ಲ. ನಿಮ್ಮ ಈ ಅರ್ಧ ನಾಳೆ ತಿಂತೆ." ಎಂದವರೇ ಅದನ್ನು ನನ್ನೊಳಗೆ ಹಾಕಿ ಮುಚ್ಚಳ ಮುಚ್ಚಿದರು.

ಗಂಡಹೆಂಡತಿಗೆ ಏನೂ ಅರ್ಥವಾಗಲಿಲ್ಲ. ನಕ್ಕು ಎರಡು ಜಡೆ ಕೊಂಡು ಹೋದರು. ಸಂಜೆಯ ಹೊತ್ತಿಗೆ ನನ್ನ ಹೊಟ್ಟೆಯಲ್ಲಿ ಏಳು ಅರ್ಧಗಳಿದ್ದವು. ಮಾದೇವಿ ಹುಳಿನೀರು, ಬೆಲ್ಲ, ಸಾಸಿವೆ, ಉಪ್ಪು ಸೇರಿಸಿ, ಎಣ್ಣೆಯ ನೂಲು ಬಿಟ್ಟು, ರೈಲಿಗೆ ಕಾಯದೆ ರುಬ್ಬಿದಳು. ಅಜ್ಜ ಮರುದಿನ ಅದನ್ನು ಗಂಜಿಗೆ ಹಾಕಿಕೊಂಡರು, ಬೇಯಿಸಿದ ಬಂಗಡೆ ಮೀನಿಗೆ ಹಾಕಿಸಿಕೊಂಡರು, ಉಳಿದದ್ದು ಕೋಳಿ ನೆನೆಯಲು ಹೋಯಿತು. ಏಳೂ ಮುಗಿದವೆಂದು ಖಾತ್ರಿಯಾದ ಮೇಲೆಯೇ ಮತ್ತೆ ಮಣೆ ಎತ್ತಿಕೊಂಡು ಚಪ್ಪರಕ್ಕೆ ಹೊರಟರು. ವಾರದ ಮೇಲೆ ಅದೇ ದಾರಿಯಲ್ಲಿ ಮರಳಿದ ಆ ಗಂಡಹೆಂಡತಿ ಕಾರು ನಿಲ್ಲಿಸಿ, ಕಿಟಕಿಯಿಂದಲೇ, "ಅಜ್ಜಾ, ನಮ್ಮ ಅರ್ಧ ತಿಂದ್ರಾ?" ಎಂದು ಕೇಳಿದರು.

"ತಿಂದೆ! ಬಂಗಡೆ ಜೊತೆ!" ಎಂದರು ಅಜ್ಜ.

ವತ್ಸಲಾ ಟೀಚರಿಗೆ ಸುದ್ದಿ ಮುಟ್ಟಿತು. ಬಂದು, ತಮ್ಮ ಪ್ರಶ್ನೆಪತ್ರಿಕೆ ತರಿಸಿ, ಸೂಚನೆಯ ಸಾಲಿನ ಮುಂದೆ ಕೆಂಪು ಶಾಯಿಯಲ್ಲಿ, "ಪರೀಕ್ಷಿಸಲಾಗಿದೆ. ಒಂದು ಹುಂಜ, ಒಬ್ಬರು ಅಜ್ಜ. ಫಲಿತಾಂಶ ತೃಪ್ತಿಕರ," ಎಂದು ಬರೆದು ಸಹಿ ಹಾಕಿದರು.

ಇದಾಗಿ ನಾಲ್ಕು ಬೇಸಿಗೆ ಕಳೆದಿವೆ. ಅಜ್ಜನಿಗೆ ಪಕ್ಕೆ ಮತ್ತೆ ತುಂಬಿಕೊಂಡಿದೆ, ಬೆಕ್ಕು ಇಳಿದು ಬೆಕ್ಕಿನ ಅಳತೆಗೆ ಬಂದಿದೆ. ನಾನು ಮಾತ್ರ ಮುದುಕನಾದೆ. ಬ್ಲೇಡ್ ಸವೆದು ಬೋಳಾಯಿತು, ತಳದಿಂದ ಹುಳಿನೀರು ಸೋರತೊಡಗಿತು. ಮಿಕ್ಸಿ ರಿಪೇರಿಯವನು ನನ್ನನ್ನು ತಿರುಗಿಸಿ ನೋಡಿ, "ಇದರ ಹಲ್ಲೆಲ್ಲ ಹೋಗಿದೆ, ಬಿಸಾಕಿ" ಎಂದ. ಅಜ್ಜ ಅವನ ಕೈಯಿಂದ ನನ್ನನ್ನು ಕಸಿದುಕೊಂಡರು.

"ಹಲ್ಲು ಹೋದದ್ದನ್ನೆಲ್ಲ ಬಿಸಾಕೂದಾದ್ರೆ ಮೊದಲು ನನ್ನ ಎತ್ಕೊಂಡು ಹೋಗು," ಎಂದರು.

ರುಬ್ಬಲು ಈಗ ಹೊಸ ಜಾರ್ ಬಂದಿದೆ. ನನ್ನ ತಳಕ್ಕೆ ಮೇಣ ಹಚ್ಚಿದ್ದಾರೆ. ಬೇಸಿಗೆಯಿಡೀ ಚಪ್ಪರದಲ್ಲಿ ಮಣೆಯ ಪಕ್ಕ ಕೂತು ಊರೂರಿನವರ ಅರ್ಧಗಳನ್ನು ಇಟ್ಟುಕೊಳ್ಳುವುದು ನನ್ನ ಕೆಲಸ.

ನಿನ್ನೆ ಈ ಸುಗ್ಗಿಯ ಕೊನೆಯ ದಿನ. ಆಕಾಶದಲ್ಲಿ ಮೋಡ ಕಟ್ಟಿತ್ತು, ಜಡೆಗಳೆಲ್ಲ ಖಾಲಿಯಾಗಿ, ಹಗ್ಗದಲ್ಲಿ ಒಂದೇ ಒಂದು ಈರುಳ್ಳಿ ಉಳಿದಿತ್ತು. ಮಾದೇವಿ ಚಪ್ಪರದ ಸೋಗೆ ಇಳಿಸುತ್ತಿದ್ದಳು. ಅಜ್ಜ ಆ ಈರುಳ್ಳಿ ಕಿತ್ತು ಮಣೆಯ ಮೇಲಿಟ್ಟರು.

"ಗಿರಾಕಿ ಯಾರಿಲ್ಲ ಮಾವ," ಎಂದಳು ಅವಳು.

ಅಜ್ಜ ಗುದ್ದಿದರು. ಅರ್ಧ ಎತ್ತಿ ಅವಳ ಕೈಗೆ ಕೊಟ್ಟರು. ಈ ಮನೆಗೆ ಸೊಸೆಯಾಗಿ ಬಂದು ಹದಿನೆಂಟು ವರ್ಷ ಜಡೆ ಹೆಣೆದವಳಿಗೆ ಆ ಕೈಯಿಂದ ಅರ್ಧ ಈರುಳ್ಳಿ ಸಿಕ್ಕಿದ್ದು ಅದೇ ಮೊದಲು. ಅವಳು ಅಲ್ಲೇ ನಿಂತು ತಿಂದಳು. ಸಿಹಿ ಈರುಳ್ಳಿಗೆ ಕಣ್ಣೀರು ಬರುವುದಿಲ್ಲ ಎನ್ನುತ್ತಾರೆ, ಆದರೂ ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ನಿಮ್ಮ ಅರ್ಧ, ಮಾವ?"

"ನಾಳೆ ತಿಂತೆ," ಎಂದು ಅಜ್ಜ ಅದನ್ನು ನನ್ನೊಳಗೆ ಹಾಕಿದರು.

ಈಗ ಅಡುಗೆಮನೆಯ ಮೂಲೆಯಲ್ಲಿ ಕೂತು ಇದನ್ನು ಹೇಳುತ್ತಿದ್ದೇನೆ. ಮಾದೇವಿ ಹೊಸ ಜಾರ್ ತೊಳೆಯುತ್ತಿದ್ದಾಳೆ, ಅಜ್ಜ ಗಂಜಿಯ ಬಟ್ಟಲು ಹಿಡಿದು ಆಗಲೇ ಮಣೆ ಹಾಕಿಕೊಂಡು ಕೂತಿದ್ದಾರೆ. ಆ ಅರ್ಧ ಇನ್ನೂ ನನ್ನ ಹೊಟ್ಟೆಯಲ್ಲೇ ಇದೆ. ಅದನ್ನು ಅರೆಯಲು ನನ್ನಿಂದ ಆಗಲಿಲ್ಲ, ನಿಜ. ಆದರೆ ರಾತ್ರಿಯಿಡೀ ಬೆಕ್ಕಿನಿಂದ ಕಾದಿಟ್ಟವನು ನಾನೇ.